ಬೂದಿ ಬಣ್ಣದ ದೀಪ

"ಇಲ್ಲೊಂದು, ಇಲ್ಲೊಂದು, ಕಡೇ ಹಾಳೇಲಿ ಒಂದು. ಮೂರೇ ಸಹಿ ಮೇಡಂ."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. ನಾನು ಕೈ ಚಾಚಲಿಲ್ಲ.

ಮೇಜಿನ ಮೇಲಿದ್ದದ್ದು ನನ್ನದೇ ವರದಿ. ಎಂಟು ದಿನದ ಹಿಂದೆ ಸಂಜೆ, ಇದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ನೋಂದಣಿ ವಿಭಾಗದ ಟೈಪಿಸ್ಟ್ ಲಿಫ್ಟಿನ ಹೊಂಡಕ್ಕೆ ಬಿದ್ದು ಸತ್ತಳು. ಬೀಳುವ ಮುಂಚೆ ಅವಳು ತನ್ನ ಫೋನಿನಲ್ಲಿ ಒಂದು ಫೋಟೋ ತೆಗೆದಿದ್ದಳು. ಆ ಮಸುಕು ಫೋಟೋದೊಳಗಿಂದ ಲಿಫ್ಟ್ ಮೆಕ್ಯಾನಿಕ್‌ನ ಮುಖವನ್ನು ಹೊರತೆಗೆದವಳು ನಾನು.

ಐದನೇ ಮಹಡಿಯ ಚಿತ್ರ ಪರೀಕ್ಷಾ ವಿಭಾಗದಲ್ಲಿ ನನಗೆ ಹದಿನೆಂಟು ವರ್ಷವಾಯಿತು. ಅಲುಗಿದ, ಕಲಸಿಹೋದ ಫೋಟೋಗಳನ್ನು ಬಿಡಿಸಿ ಕೊಡುವುದೇ ಕೆಲಸ. ಕಟ್ಟಡದವರು ನನ್ನನ್ನು ಭೂತಗನ್ನಡಿ ಎಂದು ಕರೆಯುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೇ ಕರೆಯುವ ಧೈರ್ಯ ಇಬ್ಬರಿಗೆ ಮಾತ್ರ. ಒಬ್ಬ ನನ್ನ ತಮ್ಮ. ಇನ್ನೊಬ್ಬರು ನನಗೆ ಕೆಲಸ ಕಲಿಸಿದ, ಈ ವಿಭಾಗದ ಮುಖ್ಯಸ್ಥರೂ ಆದ ಮೇಷ್ಟ್ರು.

"ಅವನು ಒಪ್ಕೊಂಡ," ಇನ್‌ಸ್ಪೆಕ್ಟರ್ ಹೇಳಿದರು. "ಇವತ್ತು ಬೆಳಗ್ಗೆ. ನಾವು ಅವನ ಮೈ ಮುಟ್ಟಿಲ್ಲ. ನೀವು ತೆಗೆದುಕೊಟ್ಟ ಮುಖಾನ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಅವನ ಮುಂದೆ ಇಟ್ಟೆ, ಅಷ್ಟೇ."

"ಏನಂದ?"

"ಕಾಲು ಗಂಟೆ ನೋಡ್ತಾ ಕೂತಿದ್ದ. ಆಮೇಲೆ, 'ಫೋಟೋದಲ್ಲಿ ನಾನೇ ಇದ್ದೀನಲ್ಲ ಸಾರ್, ಹಾಗಾದ್ರೆ ನಾನೇ ಇರ್ಬೇಕು' ಅಂದ."

ಹೇಳಿ ಅವರು ನಕ್ಕರು.

ಆ ಮೆಕ್ಯಾನಿಕ್ ಆ ದಿನ ಮಧ್ಯಾಹ್ನದಿಂದಲೇ ಕುಡಿದು, ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿ ಮಲಗಿದ್ದನಂತೆ. ಸಂಜೆ ಏನಾಯಿತೆಂದು ಅವನಿಗೆ ನೆನಪಿಲ್ಲ. ಆದರೂ ಏಳು ದಿನ 'ನಾನಲ್ಲ' ಎಂಬ ಒಂದೇ ಮಾತಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದ. ಎಂಟನೇ ದಿನ ನನ್ನ ಫೋಟೋ ಅವನ ಬಾಯಲ್ಲಿ ಹೌದು ಎನ್ನಿಸಿತು. ಒಬ್ಬ ಮನುಷ್ಯ ತನ್ನನ್ನೇ ನಂಬದೆ ನನ್ನ ಕಂಪ್ಯೂಟರನ್ನು ನಂಬಿದ್ದ.

ಆದರೆ ಆ ಮುಖ ಹೇಗೆ ಬಂತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ತೆಪ್ಪಗಿದ್ದೆ.

ಮಸುಕು ಫೋಟೋದಲ್ಲಿ ಎರಡು ಸಂಗತಿಗಳು ಕಲಸಿರುತ್ತವೆ: ಎದುರಿಗಿದ್ದ ದೃಶ್ಯ ಒಂದು, ತೆಗೆಯುವಾಗ ಕೈ ಅಲುಗಿದ ದಾರಿ ಇನ್ನೊಂದು. ದಾರಿ ಗೊತ್ತಿದ್ದರೆ ದೃಶ್ಯವನ್ನು ಹಿಂದಕ್ಕೆ ತರಬಹುದು. ಗೊತ್ತಿಲ್ಲದಿದ್ದರೆ ಎರಡನ್ನೂ ಊಹಿಸಬೇಕು. ಎರಡು ಸಂಖ್ಯೆ ಗುಣಿಸಿದೆ, ಇಪ್ಪತ್ತನಾಲ್ಕು ಬಂತು, ಆ ಎರಡು ಯಾವುವು ಹೇಳು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಆರು ನಾಲ್ಕೂ ಸರಿ, ಎಂಟು ಮೂರೂ ಸರಿ, ಹನ್ನೆರಡು ಎರಡೂ ಸರಿ. ಮೊದಲೇ ಎಂಟು ಬೇಕು ಎಂದು ಕೂತವರಿಗೆ ಎಂಟು ಸಿಕ್ಕೇ ಸಿಗುತ್ತದೆ.

ನಾನು ಎಂಟು ಬೇಕು ಎಂದು ಕೂತಿದ್ದೆ. ಠಾಣೆಯ ಲಕೋಟೆಯಲ್ಲಿ ಇದ್ದದ್ದು ಪೂರ್ತಿ ಫೋಟೋ ಅಲ್ಲ, ಮುಖದ ಭಾಗದ ಒಂದು ತುಂಡು ಮಾತ್ರ. ಅದಕ್ಕೆ ಮೆಕ್ಯಾನಿಕ್‌ನ ಐದು ಒಳ್ಳೆಯ ಫೋಟೋ ಪಿನ್ ಹೊಡೆದು ಕಳಿಸಿದ್ದರು. ಮುಖವೆಂದರೆ ಹೇಗಿರುತ್ತದೆ ಎಂದು ಕಂಪ್ಯೂಟರಿಗೆ ತೋರಿಸಲು ನಾವು ಯಾವಾಗಲೂ ಸಾವಿರಾರು ಅಪರಿಚಿತ ಮುಖಗಳ ಕಟ್ಟೊಂದನ್ನು ಕೊಡುತ್ತೇವೆ. ಆ ದಿನ ಬೇಗ ಮುಗಿದು ಮನೆ ಸೇರಿದರೆ ಸಾಕಾಗಿತ್ತು. ಈ ಐದನ್ನೂ ಆ ಕಟ್ಟಿಗೆ ಸೇರಿಸಿದೆ. ಇವುಗಳ ಕಡೆ ಹೆಚ್ಚು ಗಮನ ಕೊಡು ಎಂದೂ ಹೇಳಿದೆ. ಅದು ಕೊಟ್ಟಿತು.

"ಸಹಿ ಹಾಕೋಕೆ ಆಗಲ್ಲ ಸಾರ್. ಮೊದಲು ಪೂರ್ತಿ ಫೋಟೋ ನೋಡ್ಬೇಕು."

ಇನ್‌ಸ್ಪೆಕ್ಟರ್ ಕೈಗಡಿಯಾರಕ್ಕೆ ಕೀಲಿ ಕೊಡತೊಡಗಿದರು. ಸಿಟ್ಟು ಬಂದಾಗ ಅವರು ಮಾಡುವ ಕೆಲಸ ಅದು. ಮನುಷ್ಯ ಕೆಟ್ಟವರಲ್ಲ, ಅವಸರದವರು. ಲಾಕಪ್ಪಿನಲ್ಲಿ ಕೂತವನಿಗೆ ಅದರಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ.

"ಈಗ ಯಾಕೆ ಮೇಡಂ? ಲಿಫ್ಟಿನ ಬಾಗಿಲು ತೆಗೆಯೋ ಕೀ ಇರೋದು ಅವನೊಬ್ಬನ ಹತ್ರ. ಮುಖ ಅವನದ್ದು. ಬಾಯಿಬಿಟ್ಟು ಒಪ್ಕೊಂಡಿದ್ದಾನೆ."

"ಅದನ್ನ ಅವನು ಹೇಳಿದ್ದಲ್ಲ. ನಾನು ಹೇಳ್ಸಿದ್ದು."

"ಹಾಗಂದ್ರೆ?"

ಐದು ಫೋಟೋಗಳ ಕಥೆ ಹೇಳಿದೆ. ಅರ್ಧಕ್ಕೇ ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಾಣದಂತೆ ನೋಡಿಕೊಂಡರು. ಎದ್ದು ಬಾಗಿಲು ಮುಂದಕ್ಕೆ ಹಾಕಿ ಬಂದು, ದನಿ ತಗ್ಗಿಸಿದರು.

"ಇದನ್ನ ಕೋರ್ಟಲ್ಲಿ ಹೇಳಿದ್ರೆ ಏನಾಗುತ್ತೆ ಗೊತ್ತಾ? ನೀವು ಹದಿನೆಂಟು ವರ್ಷದಲ್ಲಿ ಕೊಟ್ಟ ಒಂದೊಂದು ವರದಿನೂ ವಕೀಲ್ರು ಹೊರಗೆ ಎಳೀತಾರೆ. ಒಳಗಿರೋರೆಲ್ಲ ನಮ್ಮದೂ ಹೀಗೇ ಅಂತಾರೆ. ನಿಮ್ಮ ಮೇಷ್ಟ್ರು ಕಟ್ಟಿದ ಈ ವಿಭಾಗಕ್ಕೆ ಬೀಗ ಬೀಳುತ್ತೆ."

"ಬೀಳ್ಲಿ."

ಅವರು ನನ್ನನ್ನೇ ನೋಡಿದರು. ನಾನು ಹಾಗೆಂದದ್ದು ಶೌರ್ಯದಿಂದಲ್ಲ. ನನ್ನ ಕಣ್ಣ ಮುಂದೆ ಕಾಲು ಗಂಟೆ ಒಂದು ಪ್ರಿಂಟನ್ನೇ ನೋಡುತ್ತ ಕೂತ ಮನುಷ್ಯನಿದ್ದ.

"ನಾಲ್ಕು ಗಂಟೆ," ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. "ನಾಲ್ಕೂವರೆಗೆ ಅವನನ್ನ ಕೋರ್ಟಿಗೆ ಕರ್ಕೊಂಡು ಹೋಗ್ಬೇಕು. ನಾಲ್ಕಕ್ಕೆ ಬರ್ತೀನಿ. ಅವನಲ್ಲ ಅಂತೀರಾದ್ರೆ ಯಾರು ಅಂತ ಹೇಳ್ಬೇಕು. ಇಲ್ಲ ಅಂದ್ರೆ ಮೂರು ಸಹಿ."

ಪೆನ್ನನ್ನು ವರದಿಯ ಮೇಲೆಯೇ ಬಿಟ್ಟುಹೋದರು.

ನಮ್ಮ ಕೋಣೆಯ ಹೊರಗೆ ಒಂದು ಬೆಂಚಿದೆ. ನಾಲ್ಕು ದಿನದಿಂದ ಅದರ ಮೇಲೆ ಒಬ್ಬ ಹೆಂಗಸು ಬಂದು ಕೂರುತ್ತಿದ್ದಳು. ಮೆಕ್ಯಾನಿಕ್‌ನ ಅಕ್ಕ. ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಬಲಗೈಯ ಬೆರಳುಗಳ ಮೇಲೆ ಹಳೆಯ ಸುಟ್ಟ ಗಾಯದ ಗೆರೆಗಳಿದ್ದವು. ಅಳುವುದಿಲ್ಲ, ಯಾರ ಕಾಲೂ ಹಿಡಿಯುವುದಿಲ್ಲ. ಸುಮ್ಮನೆ ಕೂರುತ್ತಾಳೆ, ಕಚೇರಿ ಮುಗಿದ ಮೇಲೆ ಎದ್ದು ಹೋಗುತ್ತಾಳೆ. ನಾಲ್ಕು ದಿನವೂ ನಾನು ಅವಳ ಮುಂದೆ ಕಡತದಲ್ಲಿ ಮುಖ ಹುದುಗಿಸಿಕೊಂಡು ಹಾದುಹೋಗಿದ್ದೆ.

ಅವತ್ತು ಹಾಗೆ ಹೋಗಲಾಗಲಿಲ್ಲ. ಅವಳು ಎದ್ದು ನಿಂತಳು.

ತಾಯಿ ಹೋದಾಗ ತಮ್ಮನಿಗೆ ಆರು ವರ್ಷವಂತೆ. ಇವಳೇ ಸಾಕಿದ್ದಂತೆ. ಕುಡಿಯುವುದೊಂದು ಬಿಟ್ಟರೆ ಒಂದು ಇರುವೆಯನ್ನೂ ತುಳಿಯುವವನಲ್ಲವಂತೆ. ಇಷ್ಟನ್ನೂ ಅವಳು ವಿಳಾಸ ಹೇಳುವವರ ಹಾಗೆ ಹೇಳಿದಳು. ಆಮೇಲೆ ಕೇಳಿದಳು:

"ಮೇಡಂ, ಆ ಫೋಟೋದಲ್ಲಿ ಇರೋದು ಅವನೇ ಅಂತ ನೀವು ನಿಮ್ಮ ಕಣ್ಣಾರೆ ನೋಡಿದ್ರಾ?"

ಹದಿನೆಂಟು ವರ್ಷದಲ್ಲಿ ಯಾವ ವಕೀಲರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ.

"ನೋಡ್ತೀನಿ," ಅಂದೆ. "ಇವತ್ತು ನೋಡ್ತೀನಿ. ಕೂತ್ಕೊಳ್ಳಿ."

ತಾಯಿಯಿಲ್ಲದ ತಮ್ಮನನ್ನು ಸಾಕುವುದು ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನವನಿಗೆ ಆಗ ಎಂಟು, ನನಗೆ ಹತ್ತೊಂಬತ್ತು. ಈಗ ಅವನಿಗೆ ಮೂವತ್ತೊಂದಾದರೂ ಷರ್ಟಿನ ಗುಂಡಿ ಕಿತ್ತರೆ ನನ್ನ ಮುಂದೆ ಬಂದು ಎದೆಯುಬ್ಬಿಸಿ ನಿಲ್ಲುತ್ತಾನೆ. ಹತ್ತು ದಿನದ ಹಿಂದೆ ಮನೆಯಲ್ಲಿ ಬಿಳಿ ಗುಂಡಿ ಇರಲಿಲ್ಲವೆಂದು ಹಳೆಯ ಕೋಟಿನಿಂದ ಒಂದು ದೊಡ್ಡ ಕಪ್ಪು ಗುಂಡಿ ಕಿತ್ತು ಹೊಲಿದಿದ್ದೆ. "ಇದೇನಕ್ಕ, ಬಾಗಿಲಿಗೆ ಬೀಗ ಹಾಕಿದ ಹಾಗಿದೆ," ಎಂದು ಗೊಣಗಿಕೊಂಡೇ ಹಾಕಿಕೊಂಡು ಹೋದ.

ಅವನಿರುವುದೂ ನೋಂದಣಿ ವಿಭಾಗದಲ್ಲೇ, ಸತ್ತ ಹುಡುಗಿ ಇದ್ದಲ್ಲಿ. ಎಂಟು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಆ ವಿಭಾಗದಲ್ಲಿ ಯಾರು ತಾನೇ ಮಾಡುತ್ತಾರೆ? ಸ್ವಲ್ಪ ದಿನ ರಜೆ ಹಾಕು ಎಂದಿದ್ದೆ. ಹಾಕಿರಲಿಲ್ಲ.

ಫೋನ್ ಮಾಡಿ, ಇವತ್ತು ಊಟಕ್ಕೆ ಬರಲಾಗುವುದಿಲ್ಲ, ನೀನು ತಿಂದುಬಿಡು ಎಂದೆ. ಅವನು ಕೇಳಲಿಲ್ಲ. ನಾಲ್ಕು ಗಂಟೆಗೆ ಡಬ್ಬಿ ಹಿಡಿದು ಮೇಲಕ್ಕೇ ಬರುತ್ತೇನೆ ಎಂದ. "ಮೇಜಿನ ಮೇಲೆ ಗನ್ನಡಿ, ಹೊಟ್ಟೆ ಒಳಗೆ ಭೂತ," ಎಂದು ತಮಾಷೆ ಮಾಡಿದ. ತಮಾಷೆ ಅಷ್ಟು ಚೆನ್ನಾಗಿರಲಿಲ್ಲ; ಎಂಟು ದಿನದಲ್ಲಿ ಅವನು ಮಾಡಿದ ಮೊದಲನೆಯದೆಂದು ನಕ್ಕೆ.

ಪೂರ್ತಿ ಫೋಟೋ ಇದ್ದದ್ದು ಮೇಷ್ಟ್ರ ಕೋಣೆಯ ಬೀರುವಿನಲ್ಲಿ. ಹುಡುಗಿಯ ಫೋನ್ ಸಿಕ್ಕ ಸಂಜೆ ಅದನ್ನು ನೇರವಾಗಿ ಒಂದು ಮಹಡಿ ಮೇಲಕ್ಕೆ, ನಮ್ಮಲ್ಲಿಗೇ ತಂದಿದ್ದರು. ಅದರ ಕಾಪಿ ತೆಗೆದವರು ಮೇಷ್ಟ್ರು. ಒಂದು ಡಿಸ್ಕ್ ಠಾಣೆಗೆ ಹೋಯಿತು, ಇನ್ನೊಂದು ಬೀರುವಿಗೆ. ಪರದೆ ಒಡೆದಿದ್ದ ಆ ಫೋನ್ ಕಾಪಿ ತೆಗೆದ ಮೇಲೆ ಮತ್ತೆ ಉಸಿರಾಡಲಿಲ್ಲ. ಮೇಷ್ಟ್ರು ಮಾರನೇ ದಿನದಿಂದ ರಜೆಯ ಮೇಲಿದ್ದರು. ವಯಸ್ಸಾಗಿತ್ತು, ಒಂದು ವರ್ಷದಿಂದ ಕೈ ನಡುಗುತ್ತಿತ್ತು, ಯಾರಿಗೂ ಏನೂ ಅನ್ನಿಸಲಿಲ್ಲ.

ಬೀರುವಿನ ಎರಡನೇ ಕೀಲಿ ನನ್ನ ಹತ್ತಿರ ಇರುತ್ತದೆ. ಡಿಸ್ಕ್ ತಂದು ತೆರೆದೆ.

ನಾಲ್ಕನೇ ಮಹಡಿಯ ಮೆಟ್ಟಿಲ ಬಳಿಯ ಜಾಗ. ಎಡಕ್ಕೆ ಅರ್ಧ ತೆರೆದ ಲಿಫ್ಟಿನ ಬಾಗಿಲು, ಅದರಾಚೆ ಕತ್ತಲೆ. ನಡುವೆ ಒಬ್ಬ ಮನುಷ್ಯ, ಒಂದು ಕೈ ಮುಂದಕ್ಕೆ ಚಾಚಿದ್ದಾನೆ. ಎಲ್ಲವೂ ನೀರಿನಲ್ಲಿ ಕದಡಿದ ಹಾಗೆ. ಬಾಗಿಲ ಮೇಲೆ, ಠಾಣೆಯವರು ಕತ್ತರಿಸಿ ಬಿಸಾಡಿದ ಭಾಗದಲ್ಲಿ, ಮಹಡಿಯ ಸಂಖ್ಯೆ ತೋರಿಸುವ ಪುಟ್ಟ ದೀಪ.

ಅದನ್ನು ನೋಡಿ ನನಗೆ ಅಳುವೇ ಬಂತು. ಈ ಕೆಲಸದಲ್ಲಿ ಒಂದು ದೀಪಕ್ಕಿಂತ ದೊಡ್ಡ ಭಾಗ್ಯವಿಲ್ಲ. ಕೈ ಅಲುಗಿದರೆ ದೀಪದ ಚುಕ್ಕೆ ಗೆರೆಯಾಗುತ್ತದೆ. ಆ ಗೆರೆಯೇ ಕೈ ಹೋದ ದಾರಿ. ಊಹಿಸುವುದೇ ಬೇಡ, ಗುಣಿಸಿದ ಆ ಎರಡರಲ್ಲಿ ಒಂದು ಸಂಖ್ಯೆ ಎದುರಿಗೇ ಬರೆದಿರುತ್ತದೆ. ಎಂಟು ದಿನದಿಂದ ಅದು ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು.

ದೀಪವನ್ನು ದೊಡ್ಡದು ಮಾಡಿದೆ. ಮಾಡಿ, ಕುರ್ಚಿಗೆ ಒರಗಿದೆ.

ಗೆರೆ ಬೂದಿ ಬಣ್ಣದ್ದಾಗಿತ್ತು.

ಉರಿಯುವ ದೀಪ ಕ್ಯಾಮೆರಾಕ್ಕೆ ತಡೆಯಲಾಗದಷ್ಟು ಬೆಳಕು. ಕೈ ಎಷ್ಟೇ ಅಲುಗಲಿ, ಅಂಥ ದೀಪ ಹೋದಲ್ಲೆಲ್ಲ ಬಿಳಿಯ ಗೆರೆಯನ್ನೇ ಎಳೆಯುತ್ತದೆ. ಬೂದಿ ಬಣ್ಣ ಬರುವುದು ಒಂದೇ ಸಂದರ್ಭದಲ್ಲಿ: ಮೊದಲು ಫೋಟೋ ಸ್ಪಷ್ಟವಾಗಿ ಬಂದು, ಆಮೇಲೆ ಅದನ್ನು ಯಾರೋ ಕಂಪ್ಯೂಟರಿನಲ್ಲಿ ಮಸುಕು ಮಾಡಿದಾಗ. ಆಗ ಕಾಗದದ ಮೇಲಿನ ಬಿಳಿ ಚುಕ್ಕೆಯನ್ನು ಬೆರಳಿನಿಂದ ಸವರಿದ ಹಾಗೆ, ಬಿಳುಪು ಹಂಚಿಹೋಗಿ ಮಂಕಾಗುತ್ತದೆ.

ಹುಡುಗಿಯ ಕೈ ಅಲುಗಿರಲಿಲ್ಲ. ಅವಳು ಯಾವ ಕೋರ್ಟಿನಲ್ಲೂ ಸಾಕ್ಷಿಯಾಗುವಷ್ಟು ಸ್ಪಷ್ಟವಾಗಿ ಫೋಟೋ ತೆಗೆದಿದ್ದಳು. ನಮ್ಮ ಕಣ್ಣಿಗೆ ಮಣ್ಣೆರಚಿದವರು ಆಮೇಲೆ ಬಂದಿದ್ದರು. ಅದೂ ಕಾಪಿ ತೆಗೆಯುವ ಹೊತ್ತಿನಲ್ಲಿ, ಈ ಕೋಣೆಯಲ್ಲಿ.

ಗೆರೆಯ ಆಕಾರ ನೋಡಿದೆ. ಕೆಳಕ್ಕೆ ಜಾರಿ, ಎಡಕ್ಕೆ ಕೊಕ್ಕೆಯ ಹಾಗೆ ಬಾಗಿ, ಕೊನೆಯಲ್ಲಿ ಒಂದು ಸಣ್ಣ ಗಂಟು.

ಆ ಗಂಟನ್ನು ನಾನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸದಾಗಿ ಬಂದವರನ್ನು ಮೊದಲ ದಿನವೇ ಕತ್ತಲೆ ಕೋಣೆಯಲ್ಲಿ ನಿಲ್ಲಿಸಿ, ಸೂಜಿಮೊನೆಯಷ್ಟು ಬೆಳಕಿನ ಫೋಟೋ ತೆಗೆಸುತ್ತಾರೆ. ಕೈ ಅಲುಗಿದ ಗೆರೆ ಮೂಡುತ್ತದೆ. ಒಬ್ಬರದು ಒಬ್ಬರಿಗೆ ಹೋಲುವುದಿಲ್ಲ. ಪ್ರಿಂಟ್ ಹಾಕಿ, ಅಡಿಯಲ್ಲಿ ಅಡ್ಡಹೆಸರು ಬರೆದು ಗೋಡೆಗೆ ಅಂಟಿಸುತ್ತಾರೆ. ಹೊಸ ವಿಧಾನಗಳನ್ನು ಪರೀಕ್ಷೆ ಮಾಡುವಾಗ ಆ ಗೆರೆಗಳಿಂದಲೇ ಒಳ್ಳೆಯ ಫೋಟೋಗಳನ್ನು ಕೆಡಿಸಿ, ಮತ್ತೆ ಬಿಡಿಸಿ ನೋಡುತ್ತೇವೆ.

ನಾನು ಬಂದ ದಿನ ಉಸಿರು ಬಿಗಿಹಿಡಿದು ಕ್ಯಾಮೆರಾ ಹಿಡಿದಿದ್ದೆ. ಮೇಷ್ಟ್ರು ಹಿಂದಿನಿಂದ ಬೆನ್ನು ತಟ್ಟಿ, "ಉಸಿರು ಬಿಡಮ್ಮ, ಸತ್ತೀಯ," ಎಂದರು. ಆ ಗಂಟು ಅವರ ಕೈಯದ್ದು. ಗೆರೆ ನನ್ನದು.

ಮೇಷ್ಟ್ರ ಕೋಣೆಗೆ ಓಡಿದೆ. ಆ ಹಳೆಯ ಪ್ರಿಂಟ್ ಕಂಪ್ಯೂಟರಿನಲ್ಲಿ ಎಲ್ಲೂ ಇಲ್ಲ. ಕಂಪ್ಯೂಟರಿಗೆ ಸೇರಿಸಿದ್ದು ಆಮೇಲೆ ತೆಗೆದ ಹೊಸ ಗೆರೆಗಳನ್ನು. ಅದೊಂದನ್ನು ಮಾತ್ರ ಅವರು ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದ್ದರು. ಚೌಕಟ್ಟು ಅಲ್ಲೇ ಇತ್ತು. ಹಿಂದಿನ ರಟ್ಟಿನ ಮೊಳೆಗಳನ್ನು ಯಾರೋ ಕಿತ್ತು, ಮತ್ತೆ ಸೊಟ್ಟಸೊಟ್ಟಾಗಿ ಬಡಿದಿದ್ದರು. ನಡುಗುವ ಕೈ ಬಡಿದ ಹಾಗೆ.

ಕಾಪಿ ತೆಗೆದ ರಿಜಿಸ್ಟರ್ ತೆರೆದೆ. 'ಕಾಪಿ ತೆಗೆದವರು' ಎಂಬಲ್ಲಿ ಇದ್ದ ಸಹಿ ನನ್ನದು. ಒಂದು ವರ್ಷದಿಂದ ಅವರು ತೆಗೆದದ್ದಕ್ಕೆಲ್ಲ ನಾನೇ ಸಹಿ ಹಾಕುತ್ತಿದ್ದೆ. "ನನ್ನ ಸಹಿ ನನಗೇ ಓದೋಕೆ ಆಗಲ್ಲ, ನೀನೇ ಹಾಕು," ಎನ್ನುತ್ತಿದ್ದರು. ತಂದೆಯ ಸಮಾನ ಎಂದುಕೊಂಡು, ಏನು ಎತ್ತ ನೋಡದೆ ಹಾಕುತ್ತಿದ್ದೆ.

ಗೆರೆ ನನ್ನದು. ಸಹಿ ನನ್ನದು. ತಪ್ಪು ಮುಖ ತೆಗೆದುಕೊಟ್ಟವಳೂ ನಾನೇ.

ಮೆಕ್ಯಾನಿಕ್‌ನನ್ನು ಬಿಡಿಸಲು ಈ ಫೋಟೋವನ್ನು ಯಾರೋ ಬೇಕೆಂದೇ ಕೆಡಿಸಿದ್ದಾರೆ ಎಂದು ತೋರಿಸಬೇಕು. ತೋರಿಸಿದರೆ ಕೆಡಿಸಿದವಳು ನಾನೆಂದೇ ಆಗುತ್ತದೆ. ಅವನು ಹೊರಗೆ ಬರುವ ಬಾಗಿಲಿನಿಂದಲೇ ನಾನು ಒಳಗೆ ಹೋಗಬೇಕು. ಮೇಷ್ಟ್ರು ನನ್ನನ್ನು ಎಷ್ಟು ನೀಟಾಗಿ ಕಟ್ಟಿಹಾಕಿದ್ದರು ಎಂದು ನೆನೆದು ಹಲ್ಲು ಕಚ್ಚಿದೆ. ಹದಿನೆಂಟು ವರ್ಷದ ಭಕ್ತಿ ಒಂದು ಕ್ಷಣಕ್ಕೆ ಕಹಿಯಾಯಿತು.

ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿಕೊಂಡರು, ಪಕ್ಕದಲ್ಲೇ ಇಟ್ಟುಕೊಂಡು ಕಾಯುತ್ತಿದ್ದವರ ಹಾಗೆ.

"ಮೇಷ್ಟ್ರೇ, ದೀಪ ನೋಡಿದೆ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

"ತೆಗೀಬೇಡ ಕಣಮ್ಮ," ಎಂದರು. "ಅವರು ಕೇಳಿದ್ದಕ್ಕೆ ಸಹಿ ಹಾಕಿ ಮನೆಗೆ ಹೋಗು."

"ಯಾಕೆ ನನ್ನ ಗೆರೆ? ಗೋಡೆ ತುಂಬ ಗೆರೆ ಇತ್ತಲ್ಲ?"

"ನಿನ್ನ ಬಿಟ್ಟು ಬೇರೆ ಯಾರಿಗೂ ಬಿಚ್ಚೋಕೆ ಬರಬಾರದು ಅಂತ."

"ಒಬ್ಬ ಮನುಷ್ಯ ಜೈಲಿಗೆ ಹೋಗ್ತಾ ಇದ್ದಾನೆ."

"ಗೊತ್ತು. ಅವತ್ತು ಅವನ ಹೆಸರು ಬರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಯಾರ ಮುಖನೂ ಬರಲ್ಲ, ಬಿದ್ದು ಸತ್ತಳು ಅಂತ ಬರೀತಾರೆ ಅಂದ್ಕೊಂಡೆ. ಅಷ್ಟರಲ್ಲಿ ನೀನು ಮುಖ ತೆಗೆದುಕೊಟ್ಟೆ." ದನಿ ಒಡೆಯಿತು. "ನಾನು ಯಾವತ್ತಾದ್ರೂ ನಿನಗೆ ಕೆಟ್ಟದ್ದು ಬಯಸಿದ್ದೀನಾ?"

ಲೈನ್ ಕಡಿದುಹೋಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಮುದುಕರ ನಾಟಕ ಎಂದು ಬೈದುಕೊಂಡೆ. ಯಾರನ್ನೋ ಉಳಿಸಲು ನನ್ನನ್ನು ಗುರಾಣಿ ಮಾಡಿಕೊಂಡು, ಮೇಲೆ ಕಣ್ಣೀರು ಬೇರೆ. ಬಹುಶಃ ತಮ್ಮನ್ನೇ ಉಳಿಸಿಕೊಳ್ಳುತ್ತಿದ್ದಾರೆ ಎಂದೂ ಅನ್ನಿಸಿತು. ಆ ಚಾಚಿದ ಕೈ ಅವರದೇ ಇರಬಾರದೇಕೆ?

ಮೂರು ಗಂಟೆ ದಾಟಿತ್ತು. ಬಾಗಿಲ ಗಾಜಿನಾಚೆ ಬೆಂಚಿನ ಮೇಲೆ ಸುಟ್ಟ ಬೆರಳುಗಳು ಮಡಿಲಲ್ಲಿ ಸುಮ್ಮನಿದ್ದವು. ನನ್ನ ಪಾಡು ಏನಾದರೂ ಆಗಲಿ, ಆ ಹೆಂಗಸಿಗೆ ನೋಡುತ್ತೇನೆ ಎಂದು ಮಾತು ಕೊಟ್ಟಾಗಿತ್ತು.

ಚೌಕಟ್ಟಿನಿಂದ ಪ್ರಿಂಟ್ ತೆಗೆದು ಸ್ಕ್ಯಾನರಿಗೆ ಹಾಕಿದೆ. ಮುಖಗಳ ಕಟ್ಟನ್ನು ಪೂರ್ತಿ ಬದಿಗಿಟ್ಟೆ. ಈ ಸಲ ಕಂಪ್ಯೂಟರಿಗೆ ಮುಖವೆಂದರೇನು ಎಂದು ಹೇಳಿಕೊಡುವವರಿಲ್ಲ, ಇದರ ಕಡೆ ಗಮನ ಕೊಡು ಎನ್ನುವವರಿಲ್ಲ. ಫೋಟೋ ಇತ್ತು, ದಾರಿ ಇತ್ತು, ಅಷ್ಟೇ. ಗೆರೆಯ ಅಳತೆ ಹೊಂದಿಸಲು ಹದಿನೇಳು ಸಲ ಪ್ರಯತ್ನಿಸಿದೆ. ಹದಿನಾರು ಸಲ ಗೋಡೆಗಳು ಅಲೆಅಲೆಯಾಗಿ ಒಡೆದವು.

ಹದಿನೇಳನೇ ಸಲ ಬೂದಿ ಗೆರೆ ಮುದುಡಿಕೊಂಡು ಒಂದು ಬಿಳಿ ಚುಕ್ಕೆಯಾಯಿತು. ದೀಪ ದೀಪವಾಯಿತು.

ಅದರ ಜೊತೆಗೇ ಉಳಿದವೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ಬಾಗಿಲಿನ ಅಂಚು. ಬಾಗಿಲಲ್ಲಿ ಸಿಕ್ಕಿಸಿದ್ದ ಕೀಲಿ, ಕುಡಿದು ಮಲಗಿದವನ ಹತ್ತಿರದಿಂದ ಯಾರು ಬೇಕಾದರೂ ಎತ್ತಿಕೊಳ್ಳಬಹುದಾಗಿದ್ದದ್ದು. ಚಾಚಿದ ಕೈಯ ಐದು ಬೆರಳು. ನೆಲದ ಮೇಲೆ ಬಿದ್ದ ಒಂದು ಕನ್ನಡಕ.

ಮುಖದ ಮೇಲೆ ನೆರಳಿತ್ತು. ಬೇಕಾದ ಮುಖ ನೋಡಿ ಮೋಸಹೋದವಳು ನಾನು, ಈ ಸಲ ಮುಖ ನೋಡುವುದಿಲ್ಲ ಎಂದು ನಿರ್ಧರಿಸಿದ್ದೆ. ಬಟ್ಟೆಯಿಂದ ಶುರು ಮಾಡಿದೆ. ತಿಳಿ ಬಣ್ಣದ ಷರ್ಟು. ಮೊದಲ ಗುಂಡಿ ಬಿಳಿ, ಎರಡನೆಯದು ಬಿಳಿ.

ಮೂರನೆಯದು ಕಪ್ಪು. ದೊಡ್ಡದು. ಬೀಗ ಹಾಕಿದ ಹಾಗೆ.

ದಾರ ಸಾಲದೆ ನಾನೇ ಅಡ್ಡಡ್ಡ ಹಾಕಿದ್ದ ಹೊಲಿಗೆಯೂ ಕಾಣುತ್ತಿತ್ತು.

ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ನಾಲ್ಕು ದಿನದ ಹಿಂದೆ ಅವನು ಹೊಸ ಕನ್ನಡಕ ಹಾಕಿಕೊಂಡು ಬಂದದ್ದು ನೆನಪಾಯಿತು. ಹಳೆಯದು ಬಸ್ಸಿನಲ್ಲಿ ಬಿತ್ತು ಎಂದಿದ್ದ. ಇದು ನಿನಗೆ ಚೆನ್ನಾಗಿ ಒಪ್ಪುತ್ತೆ ಎಂದಿದ್ದೆ. ಮೇಷ್ಟ್ರು ನನ್ನನ್ನು ಕಟ್ಟಿಹಾಕಿರಲಿಲ್ಲ. ಆ ಸಂಜೆ ಈ ಫೋಟೋ ಮೊದಲು ಕಂಡವರು ಅವರು. ನನ್ನ ತಮ್ಮನನ್ನು ಕಂಡು, ಗೋಡೆಯಿಂದ ನನ್ನದೇ ಗೆರೆ ಇಳಿಸಿ, ಅದರಿಂದ ಅವನ ಮುಖ ಮುಚ್ಚಿದ್ದರು. ತೆಗೆಯುವುದೂ ಬಿಡುವುದೂ ನನ್ನ ಕೈಯಲ್ಲೇ ಇರಲಿ ಎಂದು.

ಫೋಟೋದಲ್ಲಿ ಅವನ ಕೈ ಮುಂದಕ್ಕೆ ಚಾಚಿತ್ತು. ನೂಕಲು ಚಾಚಿತ್ತೋ, ಬೀಳುವವಳನ್ನು ಹಿಡಿಯಲು ಚಾಚಿತ್ತೋ? ಎಂಟು ದಿನ ಮಸುಕನ್ನು ಶಪಿಸಿದ್ದೆ. ಈಗ ಇಷ್ಟು ಸ್ಪಷ್ಟವಾದ ಫೋಟೋ ಎದುರಿಗಿಟ್ಟುಕೊಂಡು ಅದೊಂದನ್ನು ಮಾತ್ರ ಓದಲಾರದೆ ಕೂತೆ.

ಅಳಿಸಿಬಿಡಬಹುದಿತ್ತು. ಒಂದು ಗುಂಡಿ ಒತ್ತಿದರೆ ಸಾಕು. ಮೂರು ಸಹಿಗೆ ಒಂದು ನಿಮಿಷವೂ ಬೇಡ, ಪೆನ್ನು ಅಲ್ಲೇ ಇತ್ತು. ಅದನ್ನು ಎತ್ತಿಕೊಂಡೆ ಕೂಡ. ಸುಳ್ಳು ಯಾಕೆ ಹೇಳಲಿ, ಮುಚ್ಚಳವನ್ನೂ ತೆಗೆದೆ.

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ನಾಲ್ಕು ಗಂಟೆ. ಎದ್ದು ಬಾಗಿಲು ತೆರೆದೆ.

ಬೆಂಚಿನ ಮೇಲೆ ನನ್ನ ತಮ್ಮ ಕೂತಿದ್ದ. ನಾನು ಕೆಲಸದಲ್ಲಿದ್ದೇನೆಂದು ಒಳಗೆ ಬಾರದೆ ಹೊರಗೇ ಕಾದಿದ್ದ. ಪಕ್ಕದ ಹೆಂಗಸು ಯಾರೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಮಧ್ಯಾಹ್ನದಿಂದ ಏನೂ ತಿಂದಿಲ್ಲವೆಂದು ತಿಳಿದು, ನನ್ನ ಡಬ್ಬಿ ಬಿಚ್ಚಿ ಅವಳ ಮುಂದೆ ಇಟ್ಟಿದ್ದ. ಅವಳು ಸುಟ್ಟ ಬೆರಳುಗಳಿಂದ ಒಂದೊಂದೇ ತುತ್ತು ತಿನ್ನುತ್ತಿದ್ದಳು. ನಾಲ್ಕು ದಿನದಲ್ಲಿ ಅವಳ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಕಂಡಿರಲಿಲ್ಲ.

"ಅಕ್ಕ, ನಿನಗೆ ಅರ್ಧ ಉಳಿಸಿದ್ದೀನಿ," ಎಂದ ತಮ್ಮ.

ಇನ್‌ಸ್ಪೆಕ್ಟರ್ ಕೊನೆಯ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದರು. ತೆರೆದ ಪೆನ್ನು ಕಂಡು ಅವರಿಗೆ ಸಮಾಧಾನವಾದಂತಿತ್ತು.

ಹೆಂಗಸು ಡಬ್ಬಿ ಕೆಳಗಿಟ್ಟು ಎದ್ದು ನಿಂತಳು.

"ನೋಡಿದ್ರಾ ಮೇಡಂ?"

ನಾನು ಅವಳ ಕಡೆ ನೋಡಲಿಲ್ಲ. ನನ್ನ ಕಣ್ಣು ತಮ್ಮನ ಹೊಸ ಕನ್ನಡಕದ ಮೇಲಿತ್ತು.

"ನೋಡಿದೆ," ಅಂದೆ. "ನಿಮ್ಮ ತಮ್ಮ ಅಲ್ಲ."

"ಮತ್ತೆ ಯಾರು?" ಎಂದರು ಇನ್‌ಸ್ಪೆಕ್ಟರ್.

ತಮ್ಮನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಬೆಂಚಿನ ಅಂಚಿಗೆ ತಾಗಿ ಸಣ್ಣಗೆ ಸದ್ದು ಮಾಡತೊಡಗಿತು.